ಗದ್ದೆ ಮಣ್ಣಿನ ರೋಗಾಣು: ಹೆಸರು ಗುರುತಿಸಿ ಮದ್ದು ಆರಿಸಿದ ಚರಿತ್ರೆ

ಮಳೆಗಾಲ ಶುರುವಾಯಿತೆಂದರೆ ಸಿದ್ದಾಪುರ, ಹೊಸಂಗಡಿ, ಶಂಕರನಾರಾಯಣ, ಹಾಲಾಡಿ ಕಡೆಯ ಮನೆಗಳಲ್ಲಿ ಜ್ವರದ ಮಾತು ಕೇಳಿಬರುತ್ತದೆ. ಗದ್ದೆಯ ಕೆಸರಿಗಿಳಿದು ದುಡಿದವರಿಗೆ, ತೋಟದಲ್ಲಿ ನೆನೆದವರಿಗೆ ಮೈಕೈ ನೋವು, ಚಳಿ, ಜ್ವರ. "ಮಳೆಜ್ವರ" ಎಂಬ ಒಂದೇ ಹೆಸರಿನಲ್ಲಿ ನಾವು ಇದನ್ನೆಲ್ಲ ಕರೆದುಬಿಡುತ್ತೇವೆ. ಮೆಡಿಕಲ್ ಶಾಪಿಗೆ ಹೋಗಿ "ಜ್ವರಕ್ಕೆ ಎರಡು ಮಾತ್ರೆ ಕೊಡಿ" ಎನ್ನುತ್ತೇವೆ. ಆದರೆ ಜ್ವರ ಒಂದೇ ರೀತಿ ಕಂಡರೂ ಅದಕ್ಕೆ ಕಾರಣವಾದ ಜೀವಿ ಒಂದೇ ಅಲ್ಲ. ಆದ್ದರಿಂದ ಮದ್ದೂ ಒಂದೇ ಅಲ್ಲ. ಈ ಸತ್ಯವನ್ನು ಕಂಡುಕೊಳ್ಳಲು ವೈದ್ಯಲೋಕಕ್ಕೆ ನೂರಾರು ವರ್ಷ ಬೇಕಾಯಿತು. ಆ ಚರಿತ್ರೆಯ ಒಂದು ಅಧ್ಯಾಯ ನಮ್ಮ ಉಡುಪಿ ಜಿಲ್ಲೆಯ ಮಣ್ಣಿಗೇ ಸಂಬಂಧಿಸಿದೆ.

ಬಣ್ಣದಿಂದ ಆರಂಭವಾದ ವರ್ಗೀಕರಣ

ಒಂದು ನಿರ್ದಿಷ್ಟ ರೋಗಕ್ಕೆ ಒಂದು ನಿರ್ದಿಷ್ಟ ಸೂಕ್ಷ್ಮಜೀವಿ ಕಾರಣವೆಂದು ಜರ್ಮನಿಯ ರಾಬರ್ಟ್ ಕಾಖ್ 1876ರಲ್ಲಿ ಆಂಥ್ರಾಕ್ಸ್ ರೋಗದ ಮೂಲಕ ತೋರಿಸಿದರು. 1882ರಲ್ಲಿ ಕ್ಷಯದ ರೋಗಾಣುವನ್ನು ಪ್ರಕಟಪಡಿಸಿದರು. ಕಾಲರಾ ರೋಗಾಣುವಿನ ಶೋಧಕ್ಕಾಗಿ ಅವರು ಕಲಕತ್ತೆಗೂ ಬಂದಿದ್ದರು.

ರೋಗಾಣುಗಳನ್ನು ಕಂಡದ್ದಾಯಿತು, ಆದರೆ ಅವುಗಳನ್ನು ವಿಂಗಡಿಸುವುದು ಹೇಗೆ? 1884ರಲ್ಲಿ ಬರ್ಲಿನ್‌ನಲ್ಲಿ ಕೆಲಸ ಮಾಡುತ್ತಿದ್ದ ಡೆನ್ಮಾರ್ಕಿನ ವೈದ್ಯ ಹಾನ್ಸ್ ಕ್ರಿಶ್ಚಿಯನ್ ಗ್ರಾಂ ಒಂದು ಸರಳ ವಿಧಾನವನ್ನು ಪ್ರಕಟಿಸಿದರು. ರೋಗಾಣುಗಳಿಗೆ ನೇರಳೆ ಬಣ್ಣ ಹಚ್ಚಿ, ಅಯೋಡಿನ್ ಹಾಕಿ, ಆಮೇಲೆ ಆಲ್ಕೋಹಾಲಿನಿಂದ ತೊಳೆದರೆ ಕೆಲವು ಬಣ್ಣವನ್ನು ಹಿಡಿದಿಟ್ಟುಕೊಳ್ಳುತ್ತವೆ, ಕೆಲವು ಬಿಟ್ಟುಕೊಡುತ್ತವೆ. ಹಿಡಿದಿಟ್ಟುಕೊಂಡವು ಗ್ರಾಂ ಪಾಸಿಟಿವ್. ಬಿಟ್ಟುಕೊಟ್ಟವು ಗ್ರಾಂ ನೆಗೆಟಿವ್. ಇವು ನಂತರ ಹಚ್ಚುವ ಕೆಂಪು ಬಣ್ಣದಿಂದ ಗುಲಾಬಿಯಾಗಿ ಕಾಣುತ್ತವೆ. ಈ ವ್ಯತ್ಯಾಸ ರೋಗಾಣುವಿನ ಗೋಡೆಯ ರಚನೆಯದು. ಗ್ರಾಂ ನೆಗೆಟಿವ್ ಜೀವಿಗಳಿಗೆ ಹೊರಗೆ ಇನ್ನೊಂದು ಪೊರೆ ಇರುತ್ತದೆ, ಅದು ಅನೇಕ ಔಷಧಿಗಳನ್ನು ಒಳಗೆ ಬಿಡುವುದಿಲ್ಲ. ಗ್ರಾಂ ಅವರ ಕಾಲದಲ್ಲಿ ಆಂಟಿಬಯೋಟಿಕ್ ಇರಲೇ ಇಲ್ಲ. ಆದರೂ ಅವರು ತೋರಿಸಿದ ಭೇದ ಮುಂದೆ ಮದ್ದು ಆರಿಸುವ ಮೊದಲ ಮೆಟ್ಟಿಲಾಯಿತು. ಇಂದಿಗೂ ಪ್ರಯೋಗಾಲಯಗಳಲ್ಲಿ ಇದೇ ಪರೀಕ್ಷೆ ನಡೆಯುತ್ತಿದೆ.

ರಂಗೂನಿನ ಶವಾಗಾರದಲ್ಲಿ

1911ರಲ್ಲಿ ಬರ್ಮಾ ಬ್ರಿಟಿಷ್ ಇಂಡಿಯಾದ ಭಾಗವಾಗಿತ್ತು. ರಂಗೂನಿನ ಆಸ್ಪತ್ರೆಯಲ್ಲಿ ಕ್ಯಾಪ್ಟನ್ ಆಲ್ಫ್ರೆಡ್ ವಿಟ್‌ಮೋರ್ ಮತ್ತು ಅವರ ಸಹಾಯಕ ಸಿ.ಎಸ್. ಕೃಷ್ಣಸ್ವಾಮಿ ಶವಪರೀಕ್ಷೆ ಮಾಡುತ್ತಿದ್ದಾಗ ಕೆಲವು ಬಡ ರೋಗಿಗಳ ಶ್ವಾಸಕೋಶ, ಯಕೃತ್ತು, ಗುಲ್ಮಗಳಲ್ಲಿ ಕೀವಿನ ಗಂಟುಗಳು ಕಂಡುಬಂದವು. ನೋಡಲು ಗ್ಲ್ಯಾಂಡರ್ಸ್ ಎಂಬ ಕುದುರೆ ರೋಗದಂತಿತ್ತು. ಆದರೆ ಆ ರೋಗಿಗಳಿಗೆ ಕುದುರೆಗಳ ಸಂಪರ್ಕವಿರಲಿಲ್ಲ. ರೋಗಾಣುವನ್ನು ಬೆಳೆಸಿ ನೋಡಿದಾಗ ಅದು ಗ್ಲ್ಯಾಂಡರ್ಸ್ ರೋಗಾಣುವಿಗಿಂತ ಬೇಗ ಬೆಳೆಯುತ್ತಿತ್ತು ಮತ್ತು ಚಲಿಸುತ್ತಿತ್ತು. ಇದು ಬೇರೆಯೇ ಜೀವಿ ಎಂದು ತಿಳಿದ ಅವರಿಬ್ಬರೂ 1912ರಲ್ಲಿ ಇಂಡಿಯನ್ ಮೆಡಿಕಲ್ ಗೆಜೆಟ್‌ನಲ್ಲಿ ವರದಿ ಪ್ರಕಟಿಸಿದರು. 1921ರಲ್ಲಿ ಮಲಯಾದ ಸ್ಟಾಂಟನ್ ಮತ್ತು ಫ್ಲೆಚರ್ ಈ ರೋಗವನ್ನು ಮೆಲಿಯೋಯ್ಡೋಸಿಸ್ ಎಂದು ಕರೆದರು.

ರೋಗಕ್ಕೆ ಹೆಸರು ಸಿಕ್ಕಿದರೂ ರೋಗಾಣುವಿನ ಹೆಸರು ಬದಲಾಗುತ್ತಲೇ ಇತ್ತು. ಬ್ಯಾಸಿಲಸ್ ಎಂದು ಕರೆಯಲ್ಪಟ್ಟದ್ದು ಹಲವು ಗುಂಪುಗಳನ್ನು ಸುತ್ತಿ ಸ್ಯೂಡೋಮೋನಾಸ್ ಆಯಿತು. 1992ರಲ್ಲಿ ಜಪಾನಿನ ವಿಜ್ಞಾನಿಗಳು ಬರ್ಖೋಲ್ಡೇರಿಯ ಎಂಬ ಹೊಸ ಕುಲವನ್ನು ರಚಿಸಿ ಇದನ್ನು ಅದರಲ್ಲಿ ಸೇರಿಸಿದರು. ಈರುಳ್ಳಿ ಕೊಳೆಯುವ ರೋಗವನ್ನು ಅಭ್ಯಸಿಸಿದ ಅಮೆರಿಕದ ಸಸ್ಯರೋಗ ತಜ್ಞ ವಾಲ್ಟರ್ ಬರ್ಖೋಲ್ಡರ್ ಅವರ ಹೆಸರು ಅದು. ಇಂದು ಈ ರೋಗಾಣು ಬರ್ಖೋಲ್ಡೇರಿಯ ಸ್ಯೂಡೋಮಲ್ಲೈ. ಇದು ಗ್ರಾಂ ನೆಗೆಟಿವ್. ಬಣ್ಣ ಹಚ್ಚಿದಾಗ ಎರಡು ತುದಿಗಳಲ್ಲಿ ಬಣ್ಣ ಗಾಢವಾಗಿ, ನಡುವೆ ತೆಳುವಾಗಿ ಸೇಫ್ಟಿ ಪಿನ್ನಿನಂತೆ ಕಾಣುತ್ತದೆ. ಇದರ ವಾಸ ಮಣ್ಣು ಮತ್ತು ನೀರು. ಕಾಲಿನ ಗಾಯದ ಮೂಲಕ, ಉಸಿರಿನ ಮೂಲಕ, ಕೆಲವೊಮ್ಮೆ ಕಲುಷಿತ ನೀರಿನ ಮೂಲಕ ದೇಹ ಸೇರುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಹರಡುವುದು ತೀರಾ ಅಪರೂಪ.

ಮದ್ದುಗಳ ಯುಗ

1928ರಲ್ಲಿ ಲಂಡನ್ನಿನಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ ಕಂಡುಹಿಡಿದ ಕಥೆ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ಅದು ಎಲ್ಲ ರೋಗಾಣುಗಳನ್ನೂ ಕೊಲ್ಲುವುದಿಲ್ಲ ಎಂಬುದನ್ನೂ ಫ್ಲೆಮಿಂಗ್ ತಮ್ಮ 1929ರ ಲೇಖನದಲ್ಲೇ ತೋರಿಸಿದ್ದರು. 1943ರಲ್ಲಿ ಅಮೆರಿಕದ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಶಾಟ್ಜ್ ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದರು. ಕ್ಷಯಕ್ಕೆ ಮೊದಲ ಸಮರ್ಥ ಆಂಟಿಬಯೋಟಿಕ್ ದೊರಕಿತು. ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಸಂಶೋಧನಾ ನಿರ್ದೇಶಕರಾಗಿದ್ದ ಲೆಡರ್ಲೆ ಸಂಸ್ಥೆಯಿಂದ 1948ರಲ್ಲಿ ಆರಿಯೋಮೈಸಿನ್ ಹೊರಬಂತು. ಟೆಟ್ರಾಸೈಕ್ಲಿನ್ ಕುಟುಂಬದ ಮೊದಲ ಮದ್ದು ಅದೇ.

ಮದ್ದುಗಳು ಹೆಚ್ಚಿದಂತೆ ಯಾವ ರೋಗಾಣುವಿಗೆ ಯಾವುದು ಎಂಬ ಪ್ರಶ್ನೆಯೂ ಬೆಳೆಯಿತು. ಇದಕ್ಕೆ ಉತ್ತರ ಕೊಡುವ ಪರೀಕ್ಷೆಯೇ ಕಲ್ಚರ್ ಮತ್ತು ಸೆನ್ಸಿಟಿವಿಟಿ. ರೋಗಿಯ ರಕ್ತ ಅಥವಾ ಕೀವಿನಿಂದ ರೋಗಾಣುವನ್ನು ತಟ್ಟೆಯಲ್ಲಿ ಬೆಳೆಸಿ, ಅದರ ಮೇಲೆ ಬೇರೆ ಬೇರೆ ಮದ್ದು ಹೀರಿಸಿದ ಚಿಕ್ಕ ಕಾಗದದ ಬಿಲ್ಲೆಗಳನ್ನಿಡುತ್ತಾರೆ. ಯಾವ ಬಿಲ್ಲೆಯ ಸುತ್ತ ಸಾಕಷ್ಟು ಅಗಲಕ್ಕೆ ರೋಗಾಣು ಬೆಳೆಯುವುದಿಲ್ಲವೋ ಆ ಮದ್ದು ಕೆಲಸ ಮಾಡುತ್ತದೆ. 1966ರಲ್ಲಿ ಬೌಯರ್, ಕಿರ್ಬಿ ಮೊದಲಾದವರು ಈ ಪರೀಕ್ಷೆಗೆ ಒಂದು ನಿಶ್ಚಿತ ಕ್ರಮವನ್ನು ಕೊಟ್ಟರು.

ಮೆಲಿಯೋಯ್ಡೋಸಿಸ್ ರೋಗಾಣು ಪೆನಿಸಿಲಿನ್‌ಗೂ ಆಂಪಿಸಿಲಿನ್‌ಗೂ ಹುಟ್ಟಿನಿಂದಲೇ ಬಗ್ಗದು. ಸಾಮಾನ್ಯವಾಗಿ ಜೆಂಟಾಮೈಸಿನ್‌ಗೂ ಬಗ್ಗದು. 1989ರಲ್ಲಿ ಥಾಯ್ಲೆಂಡಿನ ಉಬೋನ್ ಪ್ರಾಂತದಲ್ಲಿ ನಡೆದ ಅಧ್ಯಯನದ ಫಲಿತಾಂಶ ಪ್ರಕಟವಾಯಿತು. ಹಳೆಯ ಮದ್ದುಗಳ ಮಿಶ್ರಣ ಪಡೆದ ತೀವ್ರ ರೋಗಿಗಳಲ್ಲಿ ಶೇ. 74 ಮಂದಿ ಸತ್ತಿದ್ದರೆ, ಸೆಫ್ಟಾಜಿಡಿಮ್ ಪಡೆದವರಲ್ಲಿ ಶೇ. 37 ಮಂದಿ ಸತ್ತಿದ್ದರು. ಸರಿಯಾದ ಮದ್ದಿನ ಆಯ್ಕೆಯೊಂದರಿಂದಲೇ ಸಾವು ಅರ್ಧಕ್ಕಿಳಿಯಿತು.

ನಮ್ಮ ಕರಾವಳಿಯಲ್ಲಿ

ಭಾರತದಿಂದ ಮನುಷ್ಯರಲ್ಲಿ ಈ ರೋಗದ ಮೊದಲ ವರದಿಯೆಂದು ಗುರುತಿಸಲಾಗುವುದು 1991ರಲ್ಲಿ ಮುಂಬಯಿಯಿಂದ ಬಂದದ್ದು. ರಂಗೂನಿನ ಶೋಧಕ್ಕೂ ಇದಕ್ಕೂ ನಡುವೆ 80 ವರ್ಷ. ರೋಗ ಇರಲಿಲ್ಲವೆಂದಲ್ಲ, ಗುರುತು ಸಿಗುತ್ತಿರಲಿಲ್ಲ. ಶ್ವಾಸಕೋಶದಲ್ಲಿ ಕಂಡರೆ ಕ್ಷಯವೆಂದು ತಿಂಗಳುಗಟ್ಟಲೆ ಕ್ಷಯದ ಮದ್ದು ಕೊಡುವುದುಂಟು. ಪ್ರಯೋಗಾಲಯದಲ್ಲಿ ಬೆಳೆದರೂ "ಸ್ಯೂಡೋಮೋನಾಸ್ ಜಾತಿ" ಎಂದಷ್ಟೇ ಬರೆದು ಬಿಡುವುದುಂಟು.

1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಸ್ಥಾಪಿಸಿದ ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ವೈದ್ಯರು ಮತ್ತು ಸೂಕ್ಷ್ಮಜೀವಿ ತಜ್ಞರು 2000ದ ನಂತರದ ವರ್ಷಗಳಲ್ಲಿ ಕರಾವಳಿಯ ರೋಗಿಗಳಲ್ಲಿ ಇದನ್ನು ಗುರುತಿಸಿ ವರದಿ ಮಾಡುತ್ತ ಬಂದರು. ಡಾ. ಚಿರಂಜಯ್ ಮುಖೋಪಾಧ್ಯಾಯ ಈ ಕೆಲಸದಲ್ಲಿ ಮುಂಚೂಣಿಯಲ್ಲಿದ್ದವರು. ರೋಗಿಗಳು ಹೆಚ್ಚಾಗಿ ಮಳೆಗಾಲದಲ್ಲಿ ಬರುತ್ತಾರೆ, ಅವರಲ್ಲಿ ಬಹಳ ಮಂದಿಗೆ ಸಕ್ಕರೆ ಕಾಯಿಲೆ ಇರುತ್ತದೆ ಎಂಬುದು ಸ್ಪಷ್ಟವಾಯಿತು. 2016ರಲ್ಲಿ ಪ್ರಕಟವಾದ ಜಾಗತಿಕ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1,65,000 ಜನರಿಗೆ ಈ ರೋಗ ಬರುತ್ತದೆ, 89,000 ಜನ ಸಾಯುತ್ತಾರೆ.

ಒಂದು ಗದ್ದೆ, ಮೂರು ಜ್ವರ

ನಮ್ಮ ಊರಿನ ಉದಾಹರಣೆಯನ್ನೇ ನೋಡೋಣ. ಇಲಿಯ ಮೂತ್ರ ಸೇರಿದ ಕೆಸರಿನಿಂದ ಬರುವ ಇಲಿಜ್ವರದ ರೋಗಾಣು ಲೆಪ್ಟೊಸ್ಪೈರಾವನ್ನು 1915ರಲ್ಲಿ ಜಪಾನಿನ ಇನಾಡ ಮತ್ತು ಇಡೊ ಗುರುತಿಸಿದರು. ಸುರುಳಿಯಾಕಾರದ ಈ ಜೀವಿ ಪೆನಿಸಿಲಿನ್‌ಗೆ, ಡಾಕ್ಸಿಸೈಕ್ಲಿನ್‌ಗೆ ಬಗ್ಗುತ್ತದೆ. ಅದೇ ಕೆಸರಿನ ಮೆಲಿಯೋಯ್ಡೋಸಿಸ್‌ಗೆ ಪೆನಿಸಿಲಿನ್ ಕೊಟ್ಟರೆ ಪ್ರಯೋಜನವಿಲ್ಲ. ಅದಕ್ಕೆ ಮೊದಲು ಕನಿಷ್ಠ 10ರಿಂದ 14 ದಿನ ಸೆಫ್ಟಾಜಿಡಿಮ್ ಅಥವಾ ಮೆರೊಪೆನಮ್ ಇಂಜೆಕ್ಷನ್, ಆಮೇಲೆ ಕನಿಷ್ಠ ಮೂರು ತಿಂಗಳು ಕೋ-ಟ್ರೈಮೋಕ್ಸಜೋಲ್ ಮಾತ್ರೆ. ಇನ್ನು ಘಟ್ಟದ ಕಾಡಿನ ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಈ ರೋಗಕ್ಕೆ ಕಾರಣ ವೈರಸ್. ಅದರ ಮೇಲೆ ಯಾವ ಆಂಟಿಬಯೋಟಿಕ್ಕೂ ಕೆಲಸ ಮಾಡದು. ಮೂರಕ್ಕೂ ಆರಂಭದಲ್ಲಿ ಜ್ವರವೇ ಲಕ್ಷಣ. ಭೇದ ತಿಳಿಸುವುದು ಪರೀಕ್ಷೆ ಮಾತ್ರ.

ನಾವು ಕಲಿಯಬೇಕಾದುದು

1945ರ ನೊಬೆಲ್ ಭಾಷಣದಲ್ಲೇ ಫ್ಲೆಮಿಂಗ್ ಎಚ್ಚರಿಸಿದ್ದರು: ಕಡಿಮೆ ಪ್ರಮಾಣದ ಮದ್ದು ರೋಗಾಣುವನ್ನು ಕೊಲ್ಲುವುದಿಲ್ಲ, ಮದ್ದನ್ನು ಎದುರಿಸಲು ಕಲಿಸುತ್ತದೆ ಎಂದು. ಭಾರತ ಸರಕಾರ 2014ರ ಮಾರ್ಚ್ 1ರಿಂದ ಎಚ್1 ಪಟ್ಟಿಯನ್ನು ಜಾರಿಗೆ ತಂದು, ಹಲವು ಆಂಟಿಬಯೋಟಿಕ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದು, ಮಾರಿದ್ದನ್ನು ಪುಸ್ತಕದಲ್ಲಿ ದಾಖಲಿಸಬೇಕು ಎಂದು ವಿಧಿಸಿತು. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಂಟಿಬಯೋಟಿಕ್‌ಗಳನ್ನು ಮೂರು ಗುಂಪು ಮಾಡಿತು: ಸಾಮಾನ್ಯವಾಗಿ ಮೊದಲು ಬಳಸಬೇಕಾದವು, ಎಚ್ಚರದಿಂದ ಬಳಸಬೇಕಾದವು, ಕೊನೆಗೆ ಕಾದಿಡಬೇಕಾದವು.

ಕಾನೂನಿನ ಜೊತೆಗೆ ಮನೆಮನೆಯಲ್ಲೂ ತಿಳಿವಳಿಕೆ ಬೇಕು. ಮನೆಯಲ್ಲಿ ಸಕ್ಕರೆ ಕಾಯಿಲೆಯ ತಂದೆಯೋ ಅಜ್ಜನೋ ಇದ್ದು, ಕೆಸರಿನಲ್ಲಿ ದುಡಿದ ಮೇಲೆ ಜ್ವರ ಬಂದರೆ, "ಗದ್ದೆಗಿಳಿದಿದ್ದರು, ಸಕ್ಕರೆ ಕಾಯಿಲೆ ಇದೆ" ಎಂಬ ಎರಡು ಮಾತನ್ನು ಡಾಕ್ಟರಿಗೆ ಹೇಳಿ. ಮದ್ದು ಶುರುಮಾಡುವ ಮೊದಲು ರಕ್ತದ ಕಲ್ಚರ್ ಬೇಕೇ ಎಂದು ಕೇಳಿ. ಕಾಲಲ್ಲಿ ಗಾಯವಿದ್ದರೆ ಬೂಟು ಹಾಕದೆ ಕೆಸರಿಗಿಳಿಯಬೇಡಿ. ಜ್ವರ ಬಿಟ್ಟಿತೆಂದು ಮಾತ್ರೆ ನಿಲ್ಲಿಸಬೇಡಿ. ಮೆಲಿಯೋಯ್ಡೋಸಿಸ್‌ನಲ್ಲಿ ಹಾಗೆ ನಿಲ್ಲಿಸಿದವರಿಗೆ ರೋಗ ಮರಳಿ ಬರುತ್ತದೆ.

ಈ ರೋಗಕ್ಕೆ ಇಂದಿಗೂ ಲಸಿಕೆಯಿಲ್ಲ. ವಿಜ್ಞಾನ ಓದುತ್ತಿರುವ ನಮ್ಮ ಮಕ್ಕಳಲ್ಲಿ ಕೆಲವರಾದರೂ ಪ್ರಯೋಗಾಲಯದ ವಿದ್ಯೆ ಕಲಿತು ಈ ಕರಾವಳಿಯಲ್ಲೇ ಕೆಲಸ ಮಾಡಲಿ. ವಿಟ್‌ಮೋರರ ಪಕ್ಕದಲ್ಲಿ ಕುಳಿತು ಸೂಕ್ಷ್ಮದರ್ಶಕ ನೋಡಿದ ಕೃಷ್ಣಸ್ವಾಮಿಯವರ ಹೆಸರು ಪಠ್ಯಪುಸ್ತಕಗಳಲ್ಲಿಲ್ಲ. ಆದರೆ ರೋಗಾಣುವನ್ನು ಸರಿಯಾಗಿ ಗುರುತಿಸುವ ಅಂಥವರ ಕೆಲಸದಿಂದಲೇ ಮುಂದೆ ರೋಗಿಗೆ ಸರಿಯಾದ ಮದ್ದು ಸಿಗುತ್ತದೆ.