ಊರು ಅದೇ, ಹೆಸರು ಬೇರೆ: ವೆಬ್ಬಿನ ಮೂರಂಕಿ ಷರಾಗಳ ಕಥೆ

‘ಟ್ರಿವೇಂಡ್ರಂ’ ಎಂದು ವಿಳಾಸ ಬರೆದ ಕಾಗದ ಇವತ್ತಿಗೂ ತಿರುವನಂತಪುರಕ್ಕೆ ತಲುಪುತ್ತದೆ. ‘ಕೊಚ್ಚಿನ್’ ಎಂದು ಬರೆದದ್ದು ಕೊಚ್ಚಿಗೆ ಹೋಗುತ್ತದೆ. ಅಂಚೆಯವರಿಗೆ ಎರಡೂ ಹೆಸರು ಗೊತ್ತು. ತಲುಪಿಸಲಾಗದ ಕಾಗದಕ್ಕೂ ಒಂದು ಗತಿಯಿದೆ: ‘ವಿಳಾಸ ಸಾಲದು’, ‘ವಿಳಾಸದಾರರು ಊರು ಬಿಟ್ಟಿದ್ದಾರೆ’, ‘ತೆಗೆದುಕೊಳ್ಳಲು ನಿರಾಕರಿಸಿದ್ದಾರೆ’ ಎಂಬ ಷರಾ ಹೊತ್ತು ಅದು ಕಳಿಸಿದವರ ಬಾಗಿಲಿಗೆ ಮರಳುತ್ತದೆ. ಮುಂದೇನು ಮಾಡಬೇಕು ಎಂಬುದು ಕಳಿಸಿದವರಿಗೆ ತಿಳಿಯುವುದು ಆ ಒಂದು ಸಾಲಿನಿಂದ.

ವೆಬ್ಬಿನಲ್ಲೂ ಇಂಥ ಷರಾ ಉಂಟು. ಬ್ರೌಸರ್ ಒಂದು ಪುಟ ಕೇಳಿದಾಗಲೆಲ್ಲ ಸರ್ವರ್ ಪುಟಕ್ಕಿಂತ ಮೊದಲು ಮೂರಂಕಿಯ ಒಂದು ಸಂಖ್ಯೆಯನ್ನು ಕಳಿಸುತ್ತದೆ. ಎಲ್ಲವೂ ಸರಿಯಿದ್ದರೆ 200. ಇಲ್ಲದಿದ್ದರೆ ಎಲ್ಲರೂ ಕಂಡಿರುವ 404. ಇವಕ್ಕೆ ಸ್ಟೇಟಸ್ ಕೋಡ್ ಎಂದು ಹೆಸರು.

ಮೊದಲಿಗೆ ಇವು ಇರಲೇ ಇಲ್ಲ. ಸ್ವಿಟ್ಜರ್ಲೆಂಡಿನ ಸರ್ನ್ ಪ್ರಯೋಗಾಲಯದಲ್ಲಿದ್ದ ಟಿಮ್ ಬರ್ನರ್ಸ್-ಲೀ 1991ರಲ್ಲಿ ವೆಬ್ಬನ್ನು ಲೋಕಕ್ಕೆ ಬಿಟ್ಟಾಗ, ಸರ್ವರ್ ಪುಟವನ್ನಷ್ಟೇ ಕಳಿಸುತ್ತಿತ್ತು. ಪುಟ ಸಿಗದಿದ್ದರೆ ಸಿಗಲಿಲ್ಲವೆಂದು ಬರೆದ ಇನ್ನೊಂದು ಪುಟ ಬರುತ್ತಿತ್ತು. ಓದಿದ ಮನುಷ್ಯನಿಗೆ ಅದು ಅರ್ಥವಾಗುತ್ತಿತ್ತು. ಯಂತ್ರಕ್ಕೆ ಮಾತ್ರ ಉತ್ತರ ಯಾವುದು, ಕ್ಷಮಾಪಣೆ ಯಾವುದು ಎಂದು ಬೇರೆ ಮಾಡಲು ದಾರಿಯಿರಲಿಲ್ಲ. 1992ರಲ್ಲಿ ಬರ್ನರ್ಸ್-ಲೀ ಸಂಖ್ಯೆಗಳ ಒಂದು ಪಟ್ಟಿ ಮಾಡಿದರು. 404 ಆಗಲೇ ಅದರಲ್ಲಿತ್ತು. ಸರ್ನ್‌ನ ಯಾವುದೋ 404ನೇ ಕೋಣೆಯಿಂದ ಆ ಹೆಸರು ಬಂತು ಎನ್ನುವುದು ಬರೀ ಕಟ್ಟುಕತೆ.

ಮೂರಂಕಿಯ ಪದ್ಧತಿ ಅದಕ್ಕಿಂತ ಹಳೆಯದು. ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಕಡತ ಸಾಗಿಸುವ ಎಫ್‌ಟಿಪಿಯಲ್ಲಿ 1970ರ ದಶಕದಲ್ಲೇ ಇದು ರೂಢಿಯಾಗಿತ್ತು. ಮಿಂಚಂಚೆಯ ನಿಯಮಗಳೂ ಅದನ್ನೇ ಎತ್ತಿಕೊಂಡವು. ಅಲ್ಲಿ 4ರಿಂದ ಶುರುವಾಗುವ ಸಂಖ್ಯೆಗೆ ‘ಸದ್ಯಕ್ಕೆ ಆಗದು, ಆಮೇಲೆ ಪ್ರಯತ್ನಿಸಿ’ ಎಂದರ್ಥ. 5ಕ್ಕೆ ‘ಮತ್ತೆ ಕೇಳಿ ಫಲವಿಲ್ಲ’ ಎಂದು. ಮಿಂಚಂಚೆಯಲ್ಲಿ ಈಗಲೂ ಅದೇ ಅರ್ಥ. ವೆಬ್ ಅಂಕಿಗಳನ್ನು ಉಳಿಸಿಕೊಂಡು ಅರ್ಥವನ್ನು ಬದಲಿಸಿತು. ಇಲ್ಲಿ 4 ಎಂದರೆ ತಪ್ಪು ಕೇಳಿದವರದು, 5 ಎಂದರೆ ತಪ್ಪು ಸರ್ವರ್‌ನದು. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ, ಕಾಲವನ್ನು ಸೂಚಿಸುತ್ತಿದ್ದ ಅಂಕಿ ಪುರುಷವನ್ನು ಸೂಚಿಸತೊಡಗಿತು. ‘ಯಾವಾಗ’ ಎಂಬ ಪ್ರಶ್ನೆಯ ಜಾಗಕ್ಕೆ ‘ಯಾರು’ ಎಂಬ ಪ್ರಶ್ನೆ ಬಂತು. ಕಾಲ ಪೂರ್ತಿ ಮರೆಯಾಗಲಿಲ್ಲ; ಅದು 3ರ ಗುಂಪಿನಲ್ಲಿ ಉಳಿದುಕೊಂಡಿತು. ಕೇಳಿದ್ದು ಶಾಶ್ವತವಾಗಿ ಬೇರೆ ಕಡೆ ಹೋಗಿದ್ದರೆ 301, ತಾತ್ಕಾಲಿಕವಾಗಿ ಹೋಗಿದ್ದರೆ 302.

ಈ 3ರ ಗುಂಪಿನ ಮಾತು ಕೇರಳಕ್ಕೆ ಹೊಸದಲ್ಲ. ವೆಬ್ ಹುಟ್ಟಿದ 1991ರಲ್ಲೇ ಟ್ರಿವೇಂಡ್ರಂ ಅಧಿಕೃತವಾಗಿ ತಿರುವನಂತಪುರವಾಯಿತು. ವೆಬ್ಬಿನ ನಿಯಮಗಳು ಮೊದಲ ಬಾರಿಗೆ ದಸ್ತಾವೇಜಾಗಿ ಪ್ರಕಟವಾದ 1996ರಲ್ಲಿ ಕೊಚ್ಚಿನ್ ಕೊಚ್ಚಿಯಾಯಿತು. ಕಾಕತಾಳೀಯವೇ ಸರಿ. ಆದರೆ ಎರಡು ನಗರಗಳೂ ಹಳೆಯ ಹೆಸರನ್ನು ಅಳಿಸಿಹಾಕಲಿಲ್ಲ. 1999ರಲ್ಲಿ ಶುರುವಾದ ವಿಮಾನ ನಿಲ್ದಾಣದ ಹೆಸರಲ್ಲಿ, ಹಡಗು ಕಟ್ಟೆಯ ಹೆಸರಲ್ಲಿ, ವಿಜ್ಞಾನ ತಂತ್ರಜ್ಞಾನ ವಿಶ್ವವಿದ್ಯಾಲಯದ ಹೆಸರಲ್ಲಿ ‘ಕೊಚ್ಚಿನ್’ ಈಗಲೂ ಇದೆ. ತಿರುವನಂತಪುರಕ್ಕೆ ಹೋಗುವವರ ವಿಮಾನದ ಟಿಕೆಟಿನಲ್ಲಿ ಇಂದಿಗೂ ಟಿಆರ್‌ವಿ ಎಂದೇ ಇರುತ್ತದೆ. ಹಳೆಯ ಹೆಸರಲ್ಲಿ ಕೇಳಿದವರನ್ನು ಹೊಸ ಹೆಸರಿಗೆ ದಾಟಿಸುವ ಈ ಏರ್ಪಾಡೇ 301.

ಅದಕ್ಕೂ ಹಿಂದೆ, 1949ರಲ್ಲಿ, ತಿರುವಾಂಕೂರು ಮತ್ತು ಕೊಚ್ಚಿ ಸಂಸ್ಥಾನಗಳು ಒಂದಾದಾಗ ರಾಜಧಾನಿ ತಿರುವನಂತಪುರದಲ್ಲಿ, ಹೈಕೋರ್ಟು ಎರ್ನಾಕುಳಂನಲ್ಲಿ ಎಂದಾಯಿತು. ಸೆಕ್ರೆಟೇರಿಯಟ್ಟಿನ ಆದೇಶದ ಮೇಲೆ ತಕರಾರಿದ್ದವರು ಇನ್ನೂರು ಕಿಲೋಮೀಟರು ಉತ್ತರಕ್ಕೆ ಹೋಗಬೇಕು. ‘ನಿಮ್ಮ ಉತ್ತರ ಬೇರೆ ಕಡೆ ಸಿಗುತ್ತದೆ, ಅಲ್ಲಿ ನೋಡಿ’ ಎನ್ನಲು ವೆಬ್ಬಿನಲ್ಲಿ 303 ಇದೆ.

ಕನ್ನಡಿಗರಿಗೆ ಹತ್ತಿರದ ಉದಾಹರಣೆ ಕಾಸರಗೋಡು. ಮಂಜೇಶ್ವರದ ಗೋವಿಂದ ಪೈಗಳ ಊರು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ಅದು ಕೇರಳಕ್ಕೆ ಸೇರಿತು. ಮುಂದೆ 1984ರಲ್ಲಿ ಕಾಸರಗೋಡೇ ಪ್ರತ್ಯೇಕ ಜಿಲ್ಲೆಯಾಯಿತು. ಮನೆ ಇದ್ದಲ್ಲೇ ಇತ್ತು. ವಿಳಾಸ ಮಾತ್ರ ಮತ್ತೆ ಮತ್ತೆ ಬದಲಾಯಿತು.

ಊರಿನ ಹೆಸರು ಬದಲಾದರೆ ನೆನಪಿಟ್ಟುಕೊಂಡು ದಾರಿ ಹೇಳುವ ಜನರಿರುತ್ತಾರೆ. ಜಾಲತಾಣದ ವಿಳಾಸ ಬದಲಾದರೆ ಹಾಗೆ ಹೇಳಬಲ್ಲದ್ದು ಸರ್ವರ್ ಒಂದೇ, ಅದೂ ಯಾರಾದರೂ ಹೇಳಿಕೊಟ್ಟಿದ್ದರೆ. ಒಂದು ಇಲಾಖೆ ತನ್ನ ತಾಣವನ್ನು ಹೊಸದಾಗಿ ಕಟ್ಟಿತು ಎಂದಿಟ್ಟುಕೊಳ್ಳೋಣ. ಹಳೆಯ ಆದೇಶವೊಂದರ ವಿಳಾಸಕ್ಕೆ ಅದು ಮೂರು ರೀತಿಯಲ್ಲಿ ಪ್ರಾಮಾಣಿಕ ಉತ್ತರ ಕೊಡಬಹುದು: ಇಂಥಲ್ಲಿಗೆ ಹೋಗಿದೆ ಎಂದು 301, ಬೇಕೆಂದೇ ತೆಗೆದಿದ್ದೇವೆ ಎಂದು 410, ಸಿಗಲಿಲ್ಲ ಎಂದು 404. ಇವನ್ನು ಬಿಟ್ಟು ಅನೇಕ ತಾಣಗಳು ಹಳೆಯ ವಿಳಾಸಗಳನ್ನೆಲ್ಲ ಮುಖಪುಟಕ್ಕೆ ತಿರುಗಿಸಿಬಿಡುತ್ತವೆ. ಫೋರ್ಟ್ ಕೊಚ್ಚಿಯ ಒಂದು ಮನೆಯನ್ನು ಕೇಳಿದವರನ್ನು ಎರ್ನಾಕುಳಂ ಜಂಕ್ಷನ್ನಿನಲ್ಲಿ ಇಳಿಸಿ ಹೋದಂತೆ. ಇನ್ನು ಕೆಲವು ‘ಕ್ಷಮಿಸಿ, ಪುಟ ಇಲ್ಲ’ ಎಂದು ಚಂದದ ಚಿತ್ರದೊಂದಿಗೆ ಬರೆದು, ಅದರ ಮೇಲೆ 200 ಎಂದು ಷರಾ ಹಾಕುತ್ತವೆ. ಹುಡುಕು ಯಂತ್ರವೂ ದಾಖಲೆ ಕೂಡಿಡುವ ಯಂತ್ರವೂ ಆ ಕ್ಷಮಾಪಣೆಯನ್ನೇ ಆದೇಶವೆಂದು ನಂಬಬಹುದು. ವೆಬ್ 1991ಕ್ಕೆ ಮರಳಿದಂತೆ.

ಇದು ಮೋಸದಿಂದಲೇ ಆಗಬೇಕೆಂದಿಲ್ಲ. 1995ರಿಂದ ಬಳಕೆಯಲ್ಲಿರುವ ಅಪಾಚೆ ಸರ್ವರ್‌ನಲ್ಲಿ, 404 ಬಂದಾಗ ತೋರಿಸಬೇಕಾದ ಪುಟವನ್ನು ‘ಎರರ್‌ಡಾಕ್ಯುಮೆಂಟ್’ ಎಂಬ ಒಂದು ಸಾಲಿನಲ್ಲಿ ಸೂಚಿಸುತ್ತಾರೆ. ಪುಟದ ವಿಳಾಸವನ್ನು ಓರೆಗೆರೆಯಿಂದ ಶುರುಮಾಡಿ ಬರೆದರೆ 404 ಉಳಿಯುತ್ತದೆ. ಅದೇ ವಿಳಾಸವನ್ನು ಎಚ್‌ಟಿಟಿಪಿ ಸಮೇತ ಪೂರ್ತಿ ಬರೆದರೆ ಸರ್ವರ್ ಮೊದಲು 302 ಹೇಳುತ್ತದೆ, ಆ ಪುಟ 200 ಎನ್ನುತ್ತದೆ. ನಡುವೆ 404 ಯಾರಿಗೂ ಕಾಣದೆ ಹೋಗುತ್ತದೆ. ಪರದೆಯ ಮೇಲೆ ಎರಡೂ ಒಂದೇ ಥರ. ವ್ಯತ್ಯಾಸ ನೋಡಬೇಕೆಂದರೆ ಬ್ರೌಸರ್‌ನಲ್ಲಿ ಎಫ್12 ಒತ್ತಿ ನೆಟ್‌ವರ್ಕ್ ಎಂಬಲ್ಲಿಗೆ ಹೋಗಿ ಪುಟವನ್ನು ಮತ್ತೆ ತೆರೆಯಬೇಕು. ಪ್ರತಿ ಸಾಲಿನಲ್ಲೂ ಮೂರಂಕಿ ಕಾಣುತ್ತದೆ.

ಇದರಲ್ಲಿ ಕಳೆದುಹೋಗುವುದು ಏನು? ಅಮೆರಿಕದ ಸುಪ್ರೀಂ ಕೋರ್ಟಿನ ತೀರ್ಪುಗಳಲ್ಲಿ ಉಲ್ಲೇಖಿಸಿದ ಜಾಲ ವಿಳಾಸಗಳನ್ನು ಹಾರ್ವರ್ಡ್‌ನ ಜೊನಾಥನ್ ಜಿಟ್ರೈನ್ ಮತ್ತು ಸಂಗಡಿಗರು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದರು. ಸುಮಾರು ಅರ್ಧದಷ್ಟು ವಿಳಾಸಗಳಲ್ಲಿ ನ್ಯಾಯಾಧೀಶರು ತೋರಿಸಿದ್ದ ಮಾಹಿತಿ ಸಿಗುತ್ತಿರಲಿಲ್ಲ. ತೀರ್ಪು ಉಳಿದಿತ್ತು, ಅದರ ಆಧಾರ ಕೈಗೆ ಸಿಗದಾಗಿತ್ತು.

2019ರ ಸೆಪ್ಟೆಂಬರ್‌ನಲ್ಲಿ ಕೊಚ್ಚಿಯ ಹೈಕೋರ್ಟು, ಹಾಸ್ಟೆಲಿನಲ್ಲಿ ಮೊಬೈಲ್ ಬಳಕೆಗೆ ಹಾಕಿದ್ದ ನಿರ್ಬಂಧವನ್ನು ಪ್ರಶ್ನಿಸಿದ ಕೋಝಿಕ್ಕೋಡಿನ ವಿದ್ಯಾರ್ಥಿನಿಯೊಬ್ಬಳ ಪ್ರಕರಣದಲ್ಲಿ, ಅಂತರಜಾಲವನ್ನು ಬಳಸುವ ಹಕ್ಕು ಶಿಕ್ಷಣದ ಮತ್ತು ಖಾಸಗಿತನದ ಹಕ್ಕುಗಳ ಭಾಗ ಎಂದಿತು. ಬಾಗಿಲ ತನಕ ಹೋಗುವ ಹಕ್ಕು ಹಾಗೆ ಸಿಕ್ಕಿತು. ಬಾಗಿಲಲ್ಲಿ ಏನು ಉತ್ತರ ಸಿಗುತ್ತದೆ ಎಂಬುದು ಮಾತ್ರ ಸರ್ವರ್ ನೋಡಿಕೊಳ್ಳುವವರ ಕೈಯಲ್ಲಿದೆ.

ಕೇರಳ ವಿಧಾನಸಭೆ 2023ರ ಆಗಸ್ಟ್‌ನಲ್ಲಿ, ಮತ್ತೆ 2024ರ ಜೂನ್‌ನಲ್ಲಿ, ರಾಜ್ಯದ ಹೆಸರು ‘ಕೇರಳಂ’ ಆಗಬೇಕೆಂದು ನಿರ್ಣಯ ಮಾಡಿತು. ಹೆಸರು ಬದಲಾದಾಗ ಬೋರ್ಡುಗಳನ್ನು ಬದಲಿಸಲು ಆಳುಗಳು ಬರುತ್ತಾರೆ, ಲೆಟರ್‌ಹೆಡ್‌ಗಳು ಹೊಸದಾಗಿ ಅಚ್ಚಾಗುತ್ತವೆ. ಸರ್ಕಾರಿ ತಾಣಗಳ ವಿಳಾಸವೂ ಬದಲಾದರೆ, ‘ಕೇರಳ’ ಎಂದಿರುವ ಹಳೆಯ ವಿಳಾಸಗಳಿಗೆಲ್ಲ ಯಾರಾದರೂ ಕೂತು 301 ಬರೆಯಬೇಕಾಗುತ್ತದೆ. ಆ ಕೆಲಸ ಆದರೆ ಅದು ನಡೆದದ್ದೇ ಯಾರಿಗೂ ಗೊತ್ತಾಗುವುದಿಲ್ಲ. ಕೇಳಿದ ಪುಟ ಕೇಳಿದ ಹಾಗೆ ತೆರೆದುಕೊಳ್ಳುತ್ತದೆ.