ನೆಲ ಡೊಂಕೆನ್ನುತ್ತಲೇ ಕುಣಿದವನು

ಸರಟೋಗಾದಿಂದ ಲಾಸ್ ಗ್ಯಾಟೋಸ್ ಕಡೆಗೆ ಹೋಗುವ ಒಂಬತ್ತನೇ ನಂಬರಿನ ಹೆದ್ದಾರಿಯಲ್ಲಿ ನಾವು ಅದೆಷ್ಟು ಸಲ ಓಡಾಡಿದ್ದೇವೋ ಲೆಕ್ಕವಿಲ್ಲ. ಈ ರಸ್ತೆಯ ಆಸುಪಾಸಿನಲ್ಲಿ, ಒಂದಕ್ಕೊಂದು ಕೆಲವೇ ಮೈಲಿ ದೂರದಲ್ಲಿ, ಎರಡು ಮನೆಗಳಿವೆ. ಒಂದು ಅರಮನೆಯಂಥದು, ಇನ್ನೊಂದು ಪುಟ್ಟದು. ‘ಕೆಲಸಕ್ಕೆ ಕೂತರೆ ಮನಸ್ಸು ನಿಲ್ಲುವುದಿಲ್ಲ’ ಎಂಬ ನಮ್ಮೆಲ್ಲರ ಹಳೆಯ ರಗಳೆಗೆ ಇವೆರಡೂ ಬೇರೆಬೇರೆ ಉತ್ತರ ಕೊಡುತ್ತವೆ.

ಮೊದಲನೆಯದು ವಿಲ್ಲಾ ಮೊಂಟಾಲ್ವೋ. ಸ್ಯಾನ್ ಫ್ರಾನ್ಸಿಸ್ಕೋದ ಮೇಯರ್ ಆಗಿದ್ದ ಜೇಮ್ಸ್ ಫೀಲನ್ 1912ರಲ್ಲಿ ಕಟ್ಟಿಸಿದ ಬಂಗಲೆ. 1930ರಲ್ಲಿ ಆತ ತೀರಿಕೊಂಡ ಮೇಲೆ, ಅವನ ಇಚ್ಛೆಯಂತೆ ಅದು ಕಲೆಗಳಿಗೆ ಮೀಸಲಾಯಿತು. ಕಲಾವಿದರೂ ಬರಹಗಾರರೂ ಬಂದು ತಂಗಿ, ಯಾರ ಕಾಟವೂ ಇಲ್ಲದೆ ಕೆಲಸ ಮಾಡಲು ಅಲ್ಲಿ ಏರ್ಪಾಡಿದೆ. ನಾವು ಹೋಗುವುದು ತೋಟ ಸುತ್ತಲು. ಅಲ್ಲಿನ ಮರಗಳ ನೆರಳಲ್ಲಿ ನಿಂತಾಗ, ‘ಇಂಥ ಜಾಗ ಸಿಕ್ಕಿದ್ದರೆ ನಾವೂ ಏನಾದರೂ ಬರೆಯುತ್ತಿದ್ದೆವು’ ಅನ್ನಿಸದೆ ಇರುವುದಿಲ್ಲ.

ಎರಡನೆಯ ಮನೆ ಇಂದಿನ ಮಾಂಟೆ ಸೆರೆನೋ ಊರಿನ ಗ್ರೀನ್‌ವುಡ್ ಲೇನ್‌ನಲ್ಲಿದೆ. 1936ರಲ್ಲಿ ಜಾನ್ ಸ್ಟೈನ್‌ಬೆಕ್ ತನ್ನ ಹೆಂಡತಿ ಕ್ಯಾರಲ್ ಜೊತೆ ಇಲ್ಲಿಗೆ ಬಂದ. ಬಂದದ್ದು ಏಕಾಂತ ಹುಡುಕಿಕೊಂಡೇ. ಆದರೆ ಹೆಸರು ಬಂದ ಹಾಗೆ ನೋಡಲು ಬರುವ ಜನರೂ ಹೆಚ್ಚಾದರು, ಸುತ್ತ ಹೊಸ ಮನೆಗಳೂ ಎದ್ದವು. 1938ರ ಮೇ ತಿಂಗಳಲ್ಲಿ, ತಾನು ಬರೆದಿದ್ದ ಒಂದು ವಿಡಂಬನೆಯ ಹಸ್ತಪ್ರತಿ ಸರಿಬರಲಿಲ್ಲವೆಂದು ಆತ ಅದನ್ನು ನಾಶಮಾಡಿದ. ಆಮೇಲೆ ಹೊಸದಾಗಿ ಬರೆಯಲು ಕೂತ ಕಾದಂಬರಿಯೇ ‘ದಿ ಗ್ರೇಪ್ಸ್ ಆಫ್ ರಾತ್’. ಬರ ಮತ್ತು ಸಾಲಕ್ಕೆ ಸಿಕ್ಕಿ ಒಕ್ಲಹೋಮಾ ಬಿಟ್ಟು ಕ್ಯಾಲಿಫೋರ್ನಿಯಾಕ್ಕೆ ಕೂಲಿ ಅರಸಿ ಬಂದ ರೈತರ ಕಥೆ.

ಅದನ್ನು ಬರೆಯುತ್ತಿದ್ದಾಗ ಅವನೊಂದು ದಿನಚರಿ ಇಟ್ಟಿದ್ದ. ಅವನು ಸತ್ತು ಎರಡು ದಶಕಗಳಾದ ಮೇಲೆ, 1989ರಲ್ಲಿ, ಅದು ‘ವರ್ಕಿಂಗ್ ಡೇಸ್’ ಎಂಬ ಹೆಸರಿನಲ್ಲಿ ಪುಸ್ತಕವಾಯಿತು. ಓದಿದರೆ ನಮಗೆ ನಗುವೂ ಬರುತ್ತದೆ, ಸಮಾಧಾನವೂ ಆಗುತ್ತದೆ. ಪಕ್ಕದಲ್ಲಿ ಮನೆ ಕಟ್ಟುವವರ ಸುತ್ತಿಗೆ ಸದ್ದು, ತಪ್ಪದೆ ಬರುವ ಅತಿಥಿಗಳು, ಹೆಂಡತಿಗೆ ಟಾನ್ಸಿಲ್ ಆಪರೇಷನ್, ನಡುವೆ ದಿವಾಳಿಯಾದ ಪ್ರಕಾಶಕ. ಗಲಾಟೆ ತಪ್ಪಿಸಿಕೊಳ್ಳಲೆಂದು ಗುಡ್ಡದ ಮೇಲೆ ಬೇರೆ ಜಾಗ ಕೊಳ್ಳಲು ಹೊರಟರೆ, ಆ ವ್ಯವಹಾರವೇ ಇನ್ನೊಂದು ಗಲಾಟೆ! ಇವೆಲ್ಲಕ್ಕಿಂತ ದೊಡ್ಡ ಕಾಟ ತನ್ನದೇ ಸೋಮಾರಿತನ ಮತ್ತು ಅಳುಕು ಎಂಬುದನ್ನೂ ಆತ ಮುಚ್ಚಿಡುವುದಿಲ್ಲ. ತಾನು ನಿಜಕ್ಕೂ ಬರಹಗಾರನೇ ಎಂಬ ಸಂಶಯ ಅವನನ್ನು ಬಿಡಲೇ ಇಲ್ಲ.

ಕುಣಿಯಲಾರದವಳು ನೆಲ ಡೊಂಕೆಂದಳಂತೆ ಎಂಬ ಗಾದೆ ನಮ್ಮಲ್ಲಿದೆ. ಈ ಮನುಷ್ಯ ನೆಲ ಡೊಂಕೆಂದು ದಿನಾ ಬರೆದಿಟ್ಟ, ಆಮೇಲೆ ಎದ್ದು ಕುಣಿದ. ಅವನ ಉಪಾಯ ಸರಳ. ಕೂತೊಡನೆ ಮೊದಲು ದಿನಚರಿ. ಏನು ಕಾಡುತ್ತಿದೆಯೋ ಅದನ್ನೆಲ್ಲ ಅಲ್ಲಿ ಇಳಿಸುವುದು. ನಂತರ ಕಾದಂಬರಿ, ದಿನಕ್ಕೆ ಸುಮಾರು 2,000 ಪದಗಳ ಗುರಿ. ಇಡೀ ಪುಸ್ತಕದ ಯೋಚನೆ ಹೆದರಿಸಿದಾಗ, ಇವತ್ತಿನ ಪಾಲು ಇಷ್ಟು ಎಂದುಕೊಳ್ಳುವುದು. ಕೆಲಸ ತಪ್ಪಿದ ದಿನ ಅದನ್ನೂ ದಾಖಲಿಸಿ, ಮಾರನೆಯ ದಿನ ಮತ್ತೆ ಕೂರುವುದು. ಹೀಗೆ ಐದು ತಿಂಗಳು. ಅಕ್ಟೋಬರ್ 26ರಂದು ಕಾದಂಬರಿ ಮುಗಿಯಿತು. 1939ರ ಏಪ್ರಿಲ್‌ನಲ್ಲಿ ಪ್ರಕಟವಾಗಿ, 1940ರಲ್ಲಿ ಪುಲಿಟ್ಜರ್ ಪಡೆಯಿತು. ಅದರ ಬಹುಪಾಲು ಬರೆದದ್ದು ಸುತ್ತಿಗೆ ಸದ್ದಿನ ಆ ಮನೆಯಲ್ಲೇ.

ಇದನ್ನು ಓದುವಾಗ ನಮಗೆ ನೆನಪಾಗುವುದು ಗದುಗಿನ ನಾರಣಪ್ಪ. ವೀರನಾರಾಯಣ ಗುಡಿಯಲ್ಲಿ ಕುಮಾರವ್ಯಾಸ ಮಿಂದು, ಒದ್ದೆ ಬಟ್ಟೆಯಲ್ಲೇ ಕಂಬದ ಬಳಿ ಕೂರುತ್ತಿದ್ದನಂತೆ. ಬಟ್ಟೆ ಆರುವವರೆಗೆ ಮಾತ್ರ ಕಾವ್ಯ ಹರಿಯುತ್ತಿತ್ತಂತೆ. ಪ್ರತೀತಿಯನ್ನು ಪವಾಡವೆಂದು ಕೇಳಿ ಬೆಳೆದವರು ನಾವು. ಕೆಲಸಗಾರನ ಕಣ್ಣಿನಿಂದ ನೋಡಿದರೆ ಅದೊಂದು ಒಳ್ಳೆಯ ಗಡಿಯಾರ. 1980ರ ದಶಕದ ಕೊನೆಯಲ್ಲಿ ಇಟಲಿಯ ವಿದ್ಯಾರ್ಥಿ ಫ್ರಾಂಚೆಸ್ಕೊ ಚಿರಿಲ್ಲೊ ಟೊಮೇಟೊ ಆಕಾರದ ಅಡುಗೆಮನೆ ಗಡಿಯಾರ ಇಟ್ಟುಕೊಂಡು ಓದುವ ಕ್ರಮ ಕಂಡುಕೊಂಡ. ಅದೇ 25 ನಿಮಿಷದ ಲೆಕ್ಕ ಈಗ ನಮ್ಮ ಸಾಫ್ಟ್‌ವೇರ್ ಜನರಿಗೆಲ್ಲ ಗೊತ್ತು. ಒದ್ದೆ ಬಟ್ಟೆಗೆ ಬ್ಯಾಟರಿಯೂ ಬೇಡ!

ಇನ್ನು ನಮ್ಮ ಲೆಕ್ಕ. ನಮ್ಮ ಕೂಟದಲ್ಲಿ ಅರ್ಧಕ್ಕೆ ನಿಂತ ಅನುವಾದಗಳಿವೆ, ಮೊದಲ ಅಧ್ಯಾಯ ದಾಟದ ಕಾದಂಬರಿಗಳಿವೆ. ಊರಿಗೆ ಫೋನ್ ಮಾಡಿ ಅಪ್ಪನ ಬಾಲ್ಯದ ಕಥೆ ಕೇಳಿ ಬರೆದುಕೊಳ್ಳಬೇಕು ಎಂದುಕೊಂಡವರೂ ಇದ್ದೇವೆ. ಪ್ರಾಜೆಕ್ಟ್ ಮುಗಿಯಲಿ, ಮಕ್ಕಳು ಕಾಲೇಜಿಗೆ ಹೋಗಲಿ ಎಂದು ಕಾದೆವು. ಅಷ್ಟರಲ್ಲಿ ನಮ್ಮಲ್ಲಿ ಕೆಲವರ ಪಾಲಿಗೆ ಆ ಕಡೆ ಫೋನ್ ಎತ್ತುವವರೇ ಇಲ್ಲವಾದರು. ಕಾಯುತ್ತಿದ್ದುದು ಮೊಂಟಾಲ್ವೋದಂಥ ನಿಶ್ಶಬ್ದಕ್ಕೆ. ನಮಗೆ ದಕ್ಕಿರುವುದು ಗ್ರೀನ್‌ವುಡ್ ಲೇನಿನ ಗಲಾಟೆ.

ಇನ್ನೂ ಫೋನ್ ಎತ್ತುವವರು ಇರುವವರೆಲ್ಲ ಈ ಭಾನುವಾರವೇ ಕೇಳಿಬಿಡೋಣ. ಹಿಂದೆ ಟಿವಿ ಸದ್ದಿದ್ದರೂ ಸರಿ, ನಡುವೆ ಕುಕ್ಕರ್ ಕೂಗಿದರೂ ಸರಿ. ಮುಂದಿನ ಸಲ ಕೂಡಿದಾಗ ಒಬ್ಬೊಬ್ಬರೂ ಒಂದೊಂದು ಪುಟ ತರೋಣ.