ಗಂಜಾಂನ ದೊಡ್ಡಸ್ವಾಮಿಯೋರು, ಮನುಷ್ಯನಾದ ದೇವರು

ಇಯರ್‌ಫೋನ್ ಹಾಕ್ಕೊಂಡ್ರಾ? ಇವತ್ತು ಶ್ರೀರಂಗಪಟ್ಟಣದ ಗಂಜಾಂನಲ್ಲಿರೋ ಒಂದು ಚರ್ಚ್‌ನಿಂದ ಶುರು ಮಾಡೋಣ. ದರಿಯಾ ದೌಲತ್ ನೋಡಿ, ಗುಂಬಜ್ ನೋಡಿ, ಸಂಗಮಕ್ಕೆ ಹೋಗೋ ಆತುರದಲ್ಲಿ ನಾವೆಲ್ಲ ಇದನ್ನ ಬಿಟ್ಟೇ ಬಿಡ್ತೀವಿ. ನಾನೂ ಎಷ್ಟೋ ಸಲ ಬಿಟ್ಟಿದ್ದೆ.

1799ರಲ್ಲಿ ಟಿಪ್ಪು ಸತ್ತ ಮೇಲೆ ಇಲ್ಲಿಗೆ ಬಂದು, ಚೆದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಿದವರು ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್. ಈ ಚರ್ಚ್‌ಗೆ ಇವತ್ತಿಗೂ ಅವರದೇ ಹೆಸರು. ತಲೆಗೆ ರುಮಾಲು ಸುತ್ತಿ, ಇಲ್ಲಿನವರ ಹಾಗೇ ಉಟ್ಟು ಉಂಡು ಬದುಕಿದ ಮನುಷ್ಯ. ಸಿಡುಬಿಗೆ ಲಸಿಕೆ ಹಾಕಿಸೋಕೆ ಊರೂರು ಅಲೆದವರೂ ಇವರೇ. ಜನ ಇವರನ್ನ ‘ದೊಡ್ಡಸ್ವಾಮಿಯೋರು’ ಅಂತಿದ್ರು.

ಅವರು ಹೇಳಬೇಕಿದ್ದ ಮಾತು ಒಂದೇ: ಯೇಸು ಬರೀ ಗುರು ಅಲ್ಲ, ಪ್ರವಾದಿಯೂ ಅಲ್ಲ, ದೇವರೇ.

ಈ ಮಾತಿಗೆ ಕ್ರೈಸ್ತರ ಒಳಗೇ ದೊಡ್ಡ ಜಗಳ ಆಗಿತ್ತು. ‘ಮೆಸ್ಸೀಯ’ ಅಂದರೆ ಅಭಿಷಿಕ್ತ, ಅಭಿಷೇಕ ಆದವನು. ಯೆಹೂದ್ಯರು ಕಾಯ್ತಿದ್ದದ್ದು ತಮ್ಮನ್ನು ಬಿಡಿಸೋ ಅರಸನಿಗೆ. ಆ ಅರಸನೇ ದೇವರು ಅಂದಾಗ ಏನಾಗಬೇಕು? ಏರಿಯಸ್ ಅನ್ನೋ ಪಾದ್ರಿ, ಮಗ ಎಷ್ಟೇ ದೊಡ್ಡವನಾದರೂ ದೇವರು ಸೃಷ್ಟಿಸಿದವನೇ ಅಂತ ಪಟ್ಟು ಹಿಡಿದ. 325ರಲ್ಲಿ, ಇವತ್ತಿನ ಟರ್ಕಿಯಲ್ಲಿರೋ ನಿಸಿಯಾದಲ್ಲಿ ಬಿಷಪ್‌ಗಳ ಸಭೆ ಸೇರಿ, ಇಲ್ಲ, ತಂದೆಯದ್ದೂ ಮಗನದ್ದೂ ಒಂದೇ ಸತ್ವ ಅಂತ ತೀರ್ಮಾನ ಮಾಡಿತು. 451ರ ಇನ್ನೊಂದು ಸಭೆ, ಆತ ಪೂರ್ತಿ ದೇವರೂ ಹೌದು, ಪೂರ್ತಿ ಮನುಷ್ಯನೂ ಹೌದು ಅಂದಿತು.

ಈಗ ನಮ್ಮ ಸೀಮೆಗೆ ಬನ್ನಿ. ಕೆ.ಆರ್. ಪೇಟೆ ಪಕ್ಕದ ಹೊಸಹೊಳಲಲ್ಲಿ ಗುಡಿಯ ಗೋಡೆ ತುಂಬ ರಾಮಾಯಣ, ಮಹಾಭಾರತ. ನಾಗಮಂಗಲದಲ್ಲಿ ಸೌಮ್ಯಕೇಶವ. ಪಾಂಡವಪುರ ದಾಟಿದರೆ ರಾಮಾನುಜರ ಮೇಲುಕೋಟೆ. ದೇವರು ಮನುಷ್ಯನಾಗಿ ಬಂದ ಅಂದ್ರೆ ಇಲ್ಲಿ ಯಾರು ಹುಬ್ಬೇರಿಸ್ತಾರೆ? ‘ಸರಿ, ಮುಂದೆ ಹೇಳಿ ಸ್ವಾಮಿ’ ಅಂತಾರೆ, ಅಷ್ಟೇ! ನಿಸಿಯಾದಲ್ಲಿ ಕಷ್ಟವಾದದ್ದು ಇಲ್ಲಿ ನೀರು ಕುಡಿದಷ್ಟು ಸಲೀಸು.

ತೊಡಕು ಇದ್ದದ್ದೇ ಆ ಸಲೀಸಿನಲ್ಲಿ. ಅವತಾರ ಅಂದರೆ ಯುಗಯುಗಕ್ಕೂ ಬರೋದು. ಕ್ರೈಸ್ತರು ಹೇಳೋದು ಒಂದೇ ಸಲ, ಒಬ್ಬನೇ. ಹಾಗಂತ ಬೇರೆ ಪದ ಎಲ್ಲಿಂದ ತರೋದು? ಕಥೋಲಿಕರು ಇವತ್ತಿಗೂ ‘ಮನುಷ್ಯಾವತಾರ’ ಅಂತಲೇ ಅಂತಾರೆ. ದುಬಾಯ್‌ಗಿಂತ ನೂರೈವತ್ತು ವರ್ಷ ಮೊದಲೇ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಇಟಲಿಯ ಲಿಯೊನಾರ್ಡೊ ಚಿನ್ನಮಿ ಅನ್ನೋ ಜೆಸ್ವಿಟ್ ಪಾದ್ರಿ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತಿದ್ದರು.

ವ್ಯಾಕರಣವೂ ಸುಮ್ಮನೆ ಬಿಡಲಿಲ್ಲ ನೋಡಿ. ಯೋಹಾನನ ಸುವಾರ್ತೆ ಶುರುವಾಗೋದು ‘ಲೋಗೋಸ್’ ಅನ್ನೋ ಗ್ರೀಕ್ ಪದದಿಂದ, ಅಂದರೆ ಮಾತು. ಹಳೆಯ ಕನ್ನಡ ಬೈಬಲ್ ಇದನ್ನ ‘ವಾಕ್ಯ’ ಅಂದಿತು. ವಾಕ್ಯ ಅಂದ್ಮೇಲೆ ‘ಇತ್ತು’ ಅನ್ನಲೇಬೇಕು. ದೇವರು ‘ಅದು’ ಆಗಿಬಿಟ್ಟ! ಆಮೇಲಿನ ಕಥೋಲಿಕ ಅನುವಾದದಲ್ಲಿ ‘ದಿವ್ಯವಾಣಿ’ ಬಂತು, ಜೊತೆಗೆ ‘ಇದ್ದರು’. ಏರಿಯಸ್ ಜಗಳಕ್ಕೆ ಕನ್ನಡ ಒಂದು ಕ್ರಿಯಾಪದದಲ್ಲೇ ಉತ್ತರ ಕೊಟ್ಟಂಗಿದೆ, ಅದೂ ಬಹುವಚನದ ಮರ್ಯಾದೆ ಸೇರಿಸಿ.

ಆದರೆ ದುಬಾಯ್‌ಗೆ ನಿಜವಾಗಿ ಪೆಟ್ಟು ಬಿದ್ದದ್ದು ಬೇರೆ ಕಡೆ. ಒಮ್ಮೆ ದಾರಿತಪ್ಪಿದ ಮಗನ ಕಥೆ ಹೇಳ್ತಾ, ಮಗ ಮನೆಗೆ ಬಂದ ಖುಷಿಗೆ ಅಪ್ಪ ಕೊಬ್ಬಿದ ಕರು ಕೊಯ್ಸಿದ ಅಂದ್ರಂತೆ. ಕೇಳ್ತಿದ್ದ ಕ್ರೈಸ್ತರೇ ಮುಖ ಸಿಂಡರಿಸಿದರು. ಕರು ಬೇಡ, ಕುರಿಮರಿ ಅನ್ನಿ ಅಂತ ಬುದ್ಧಿ ಹೇಳಿದರು. ಇದನ್ನ ಅವರೇ ಬರೆದಿಟ್ಟಿದ್ದಾರೆ. ನನಗನ್ನಿಸೋದು ಇಷ್ಟು: ದೇವರು ಮನುಷ್ಯನಾಗೋದಕ್ಕೆ ಇಲ್ಲಿ ಯಾರ ತಕರಾರೂ ಇರಲಿಲ್ಲ. ಎಂಥ ಮನುಷ್ಯ ಅನ್ನೋದೇ ಪ್ರಶ್ನೆ. ಬಡಗಿ ಮನೆಯ ಮಗ, ಮೀನು ಹಿಡಿಯೋರ ಜೊತೆ ಊಟ, ಕೊನೆಗೆ ಅಪರಾಧಿಯ ಹಾಗೆ ಶಿಲುಬೆ ಮೇಲೆ ಸಾವು. ಅರಮನೆಯಲ್ಲಿ ಹುಟ್ಟೋ ದೇವರನ್ನ ಕಂಡವರಿಗೆ, ಜಾತಿ ಕೇಳಿ ನೀರು ಕೊಡ್ತಿದ್ದ ಊರಿಗೆ, ಅದು ಗಂಟಲಲ್ಲಿ ಇಳಿಯೋ ಮಾತಾಗಿರಲಿಲ್ಲ.

ಮೂವತ್ತು ವರ್ಷದ ದುಡಿಮೆ ಆದಮೇಲೆ 1823ರಲ್ಲಿ ದುಬಾಯ್ ಊರಿಗೆ ವಾಪಸ್ ಹೋದರು. ಅದೇ ವರ್ಷ ಲಂಡನ್‌ನಲ್ಲಿ ಅವರ ಪತ್ರಗಳ ಪುಸ್ತಕ ಬಂತು. ಈಗಿನ ಸ್ಥಿತಿಯಲ್ಲಿ ಹಿಂದೂಗಳನ್ನ ಮತಾಂತರ ಮಾಡೋಕೆ ಆಗಲ್ಲ ಅಂತ ಅದರಲ್ಲಿ ನೇರವಾಗೇ ಬರೆದರು. ಬೇರೆ ಮಿಷನರಿಗಳು ಸಿಟ್ಟಾದರು, ಉತ್ತರವಾಗಿ ಪುಸ್ತಕಗಳೂ ಬಂದವು. 1848ರಲ್ಲಿ ತೀರಿಕೊಳ್ಳೋ ತನಕ ಅವರು ಮತ್ತೆ ಈ ಕಡೆ ಬರಲಿಲ್ಲ.

ಗಂಜಾಂ ಚರ್ಚ್ ಮಾತ್ರ ಅಲ್ಲೇ ಇದೆ. ಮುಂದಿನ ಸಲ ಗುಂಬಜ್‌ಗೆ ಹೋದಾಗ ಹತ್ತು ನಿಮಿಷ ಎತ್ತಿಟ್ಕೊಳ್ಳಿ.